ಆರತಿಯ ಹೊತ್ತಿಗೆ ಹಿಂದಿರುಗಿ

ನಮ್ಮ ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕಗಳೆರಡೂ ಶರದೃತುವಿಗೆ ಸೇರಿದ ಮಾಸಗಳು. ತಿಳಿಯಾದ ಆಕಾಶ, ತುಂಬಿದ ಕೆರೆ, ನೀರಿಳಿಸಿ ಹಗುರಾದ ಬಿಳಿಯ ಮೋಡ ಎಂದು ಕವಿಗಳು ಈ ಋತುವನ್ನು ಮನಸಾರೆ ವರ್ಣಿಸಿದ್ದಾರೆ. ಹಿಂದಿನ ಅರಸರು ದಂಡೆತ್ತಿ ಹೊರಡುತ್ತಿದ್ದುದೂ ಮಳೆ ನಿಂತು ದಾರಿ ಒಣಗುವ ಈ ಕಾಲದಲ್ಲಿಯೇ ಎನ್ನುತ್ತಾರೆ. ಈಗ ದಂಡೆತ್ತಿ ಹೊರಡುವವರು ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಸ್ಥರು. ದಸರೆಯ ರಜೆ ಬಂತೆಂದರೆ ಸಾಕು, ನೀರಿನ ಸೀಸೆ, ಬುತ್ತಿಯ ಡಬ್ಬಿ, ಮಗುವಿನ ಸ್ವೆಟರು, ವಾಂತಿಗೆಂದು ನಿಂಬೆಹಣ್ಣು, ಇಷ್ಟು ಆಯುಧಗಳೊಡನೆ ಬಸ್ ನಿಲ್ದಾಣದತ್ತ ಅವರ ಸೈನ್ಯ ಸಾಗುತ್ತದೆ.

ನಮ್ಮದೂ ಅಂಥ ಒಂದು ಸಣ್ಣ ಸೈನ್ಯ. ಇರುವುದು ಮಂಡ್ಯದಲ್ಲಿ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಕಚೇರಿಯಿಂದ ಹೆಚ್ಚೆಂದರೆ ಎರಡು ದಿನದ ರಜೆ ದೊರಕಿಸಿಕೊಳ್ಳಬಲ್ಲ ನನ್ನ ಯಜಮಾನರು, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು, ಮತ್ತು ನಾನು. 2024ರ ದಸರೆಯಲ್ಲಿ ನಾವು ಮಾಡಿದ ಮೂರು ಸಂಚಾರಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೂರೂ ಒಂದೊಂದು ಹಗಲಿನವು. ಅದಕ್ಕೆ ಕಾರಣವುಂಟು. ನಮ್ಮ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿ. ಪಟ್ಟದ ಬೊಂಬೆಗಳಿಗೆ ಒಂಬತ್ತು ದಿನವೂ ಸಂಜೆ ದೀಪ ಹಚ್ಚಿ ಆರತಿ ಎತ್ತಬೇಕು. ನೋಡಲು ಬರುವ ಕೇರಿಯ ಮಕ್ಕಳಿಗೆ ದಿನಕ್ಕೊಂದು ಬಗೆಯ ಬೊಂಬೆ ಬಾಗಿನ ಕೈಗಿಡಬೇಕು. ಮಕ್ಕಳಿಗೆ ರಜೆ ಬರುವ ಹತ್ತು ದಿನಗಳೇ ಮನೆಯ ಹೆಂಗಸರಿಗೆ ಬಿಡುವಿಲ್ಲದ ಹತ್ತು ದಿನಗಳು. ಹಬ್ಬದ ರಜೆ ಎಂಬ ಮಾತನ್ನು ಕಟ್ಟಿದವನು ಗಂಡಸೇ ಇರಬೇಕು. ಅದಿರಲಿ. ಈ ತೊಡಕಿಗೆ ಪರಿಹಾರವನ್ನು ಅತ್ತೆಯವರೇ ಎಷ್ಟೋ ವರ್ಷಗಳ ಹಿಂದೆ ಕಂಡುಕೊಂಡಿದ್ದರು: “ನೀವು ಹೋಗಿಬನ್ನಿ, ಮನೆಯಲ್ಲಿ ನಾನಿರುತ್ತೇನೆ.”

ಮೊದಲು ಹೋದದ್ದು ಸೋಮನಾಥಪುರಕ್ಕೆ. ಬನ್ನೂರಿನಲ್ಲಿ ಬಸ್ಸು ಬದಲಾಯಿಸಿದರೆ ದೂರವೇನಲ್ಲ. ದಾರಿಯ ಹೊಲಗಳಲ್ಲಿ ಹುಚ್ಚೆಳ್ಳಿನ ಹಳದಿ ಹೂವು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪೂಜೆ ನಡೆಯುವುದಿಲ್ಲ. ಶಿಲ್ಪವನ್ನು ಬಲ್ಲವರು ಇದಕ್ಕಾಗಿ ಮರುಗುವುದುಂಟು. ಚಿಕ್ಕ ಮಕ್ಕಳ ತಾಯಿಯಾದ ನನಗೆ ಅದೊಂದು ಅನುಕೂಲ. ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಮಗು ಅತ್ತರೆ ಗದರುವವರಿಲ್ಲ, ಯಾರಿಗೂ ಅವಸರವಿಲ್ಲ.

ಹೊಯ್ಸಳರ ಗುಡಿಗಳನ್ನು ದೊಡ್ಡವರು ಕತ್ತೆತ್ತಿ ನೋಡುತ್ತಾರೆ. ನಡುಗೋಡೆಯ ದೇವತೆಗಳು, ಅವರ ಒಡವೆ, ಮೇಲಿನ ಗೋಪುರ, ಒಳಗೆ ಹೋದರೆ ಭುವನೇಶ್ವರಿಗಳು. ಮಾರ್ಗದರ್ಶಿಯೂ ಕೋಲೆತ್ತಿ ತೋರಿಸುವುದು ಇವನ್ನೇ. ಮಗುವಿನ ಕಣ್ಣು ಇರುವುದು ಕೆಳಗೆ. ನಕ್ಷತ್ರಾಕಾರದ ಜಗತಿಯ ಮೇಲೆ ನಿಂತರೆ ಗೋಡೆಯ ಬುಡದಲ್ಲಿ ಒಂದರ ಮೇಲೊಂದಾಗಿ ಪಟ್ಟಿಕೆಗಳು: ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರಗಳು, ಹಂಸಗಳು. ನಾಲ್ಕು ವರ್ಷದವನಿಗೆ ಆ ಆನೆಗಳನ್ನು ನೋಡಲು ಕತ್ತೆತ್ತಬೇಕಾಗಿಲ್ಲ, ಕೈಚಾಚಿದರೆ ಸೊಂಡಿಲು. ಮುಟ್ಟಬಾರದೆಂದು ಹೇಳಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದೆವು. ಹಾಗೆ ಕೈಕಟ್ಟಿಕೊಂಡೇ ಅವನು ಗುಡಿಯ ಮೂಲೆಮೂಲೆಯನ್ನೂ ಸುತ್ತಿದ. ಒಂದು ಆನೆ ಹಿಂದಿರುಗಿ ನೋಡುತ್ತಿದೆ, ಇನ್ನೊಂದು ಸೊಂಡಿಲನ್ನು ಮಡಿಸಿಕೊಂಡಿದೆ. ಒಂದರಂತೆ ಒಂದಿಲ್ಲವೆಂಬುದನ್ನು ಕಂಡು ನಮಗೆ ಹೇಳಿದವನು ಅವನೇ.

ಮಗಳಿಗೆ ಆನೆಗಳು ಸಾಲವು, ಕಥೆ ಬೇಕು. ಪ್ರದಕ್ಷಿಣೆಯ ಕ್ರಮದಲ್ಲಿ ನಡೆದರೆ ರಾಮಾಯಣ, ಭಾಗವತ, ಮಹಾಭಾರತಗಳು ಹಂತಹಂತವಾಗಿ ಎದುರಾಗುತ್ತವೆ. ಅಜ್ಜಿಯ ಬಾಯಲ್ಲಿ ಕೇಳಿದ ಕಥೆಗಳಾದ್ದರಿಂದ ಅವಳಿಗೆ ನಮ್ಮ ವಿವರಣೆ ಬೇಕಾಗಲಿಲ್ಲ. ಎರಡು ಗಂಟೆಯಲ್ಲಿ ನಾವು ಒಂದೇ ಗುಡಿಯನ್ನು ನೋಡಿದೆವು. ಅಷ್ಟರಲ್ಲಿ ಎರಡು ಪ್ರವಾಸಿ ಬಸ್ಸುಗಳು ಬಂದು, ಇಳಿದವರು ಗುಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ತಲಕಾಡು, ಶಿವನಸಮುದ್ರಗಳು ಬಾಕಿ ಇವೆಯೆಂದು ಓಡಿದರು. ಒಂದು ಹಗಲಿನಲ್ಲಿ ನಾಲ್ಕು ಸ್ಥಳ ತೋರಿಸುವ ಈ ಏರ್ಪಾಡು ಪುಟ್ಟ ಮಕ್ಕಳಿಗೆ ಹೇಳಿಸಿದ್ದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಮಕ್ಕಳ ನೆನಪಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮಾತ್ರ. ಹೊರಗಿನ ಹುಲ್ಲಿನ ಮೇಲೆ ಪುಳಿಯೋಗರೆ, ಮೊಸರನ್ನ ತಿಂದು ನಾವು ಬೆಳಕಿರುವಾಗಲೇ ಮನೆ ಸೇರಿದೆವು. ಅಷ್ಟು ಹೊತ್ತಿಗೆ ಅತ್ತೆಯವರು ಒಬ್ಬರೇ ಕೂತು ಬಾಗಿನಕ್ಕೆ ಕೋಡುಬಳೆ ಕರಿದು ಮುಗಿಸಿದ್ದರು.

ರಂಗನತಿಟ್ಟಿನ ಸಂಗತಿಯನ್ನು ಬೇಗ ಹೇಳಿಬಿಡುತ್ತೇನೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ರಕ್ಷಿತಧಾಮವೆಂದು ಸಾರಿದ ಕಾವೇರಿಯ ನಡುಗಡ್ಡೆಗಳು ಇವು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದವು. ಹಕ್ಕಿಗಳನ್ನು ಹೆಸರು ಹಿಡಿದು ತೋರಿಸಬೇಕೆಂದು ಯಜಮಾನರು ಪುಸ್ತಕ ತಂದಿದ್ದರು. ಮಕ್ಕಳು ನೋಡಿದ್ದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು, ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳನ್ನು. ದೋಣಿ ನಡೆಸುವವರು ಮೊಸಳೆಯ ಹತ್ತಿರ ಹುಟ್ಟು ಹಾಕುವುದನ್ನು ನಿಲ್ಲಿಸಿದಾಗ ಹುಟ್ಟಿದ ಮೌನವಿದೆಯಲ್ಲ, ಅಂಥ ಮೌನವನ್ನು ನಮ್ಮ ಮನೆಯಲ್ಲಿ ನಾನು ಎಂದೂ ಕೇಳಿದ್ದಿಲ್ಲ.

ಆ ರಾತ್ರಿ ಬಾವಲಿಯ ವರ್ಣನೆಯೆಲ್ಲ ಮುಗಿದ ಮೇಲೆ ಮಗಳು ಕೇಳಿದಳು: “ಅಜ್ಜಿ, ನೀನು ಯಾವತ್ತು ನೋಡಿದ್ದೆ?” ಮದುವೆಯಾಗಿ ಮಂಡ್ಯಕ್ಕೆ ಬಂದು ಐವತ್ತು ವರ್ಷವಾದರೂ ಅವರು ರಂಗನತಿಟ್ಟನ್ನು ನೋಡಿರಲಿಲ್ಲ. ಸೋಮನಾಥಪುರವನ್ನೂ ನೋಡಿರಲಿಲ್ಲ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಳುವ ದನಿಯಲ್ಲಿ ಹೇಳಿದರು. ಯಜಮಾನರು ಮಾತನಾಡದೆ ಎದ್ದು ಪಕ್ಕದ ಮನೆಗೆ ಹೋಗಿ, ಮರುದಿನ ನಾವು ಬರುವುದು ತಡವಾದರೆ ಬೊಂಬೆಗಳ ಮುಂದೆ ದೀಪ ಹಚ್ಚಿರೆಂದು ಕೇಳಿಕೊಂಡು, ಬೀಗದ ಕೈಯನ್ನು ಅವರಲ್ಲಿ ಕೊಡುವ ಏರ್ಪಾಡು ಮಾಡಿ ಬಂದರು.

ಹಾಗೆ ಮೂರನೆಯ ಸಂಚಾರಕ್ಕೆ ಐದು ಜನ. ಮೈಸೂರಿಗೆ ಮುಂಜಾನೆಯ ರೈಲು. ವಿಜಯದಶಮಿಯ ದಿನ ಜಂಬೂಸವಾರಿಯ ನೂಕುನುಗ್ಗಲಿಗೆ ಮಕ್ಕಳನ್ನೂ ಮುದುಕರನ್ನೂ ಕರೆದೊಯ್ಯುವುದು ಸಾಹಸವೇ ಸರಿ. ಅದಕ್ಕೆ ಮೊದಲು ಆನೆಗಳ ತಾಲೀಮು ನಡೆಯುತ್ತದೆ. ಅರಮನೆಯಿಂದ ಬನ್ನಿಮಂಟಪಕ್ಕೆ, ಅಲ್ಲಿಂದ ಮತ್ತೆ ಅರಮನೆಗೆ. ಬೆನ್ನ ಮೇಲೆ ಮೊದಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದನ್ನು ಹೊತ್ತು ನಡೆಯುವುದಕ್ಕೆ ಕಾಡಿನಿಂದ ಬಂದ ಪ್ರಾಣಿ ವಾರಗಟ್ಟಲೆ ಅಭ್ಯಾಸ ಮಾಡಬೇಕು. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ನಿಂತು ನಾವು ಅವುಗಳನ್ನು ನೋಡಿದೆವು. ಅಲಂಕಾರವಿಲ್ಲ, ವಾದ್ಯವಿಲ್ಲ, ಅಗಲವಾದ ಪಾದಗಳು ಡಾಂಬರಿನ ಮೇಲೆ ಸದ್ದಿಲ್ಲದೆ ಬಿದ್ದು ಏಳುತ್ತಿದ್ದವು. ಮಗ ಅಜ್ಜಿಯ ಸೆರಗು ಹಿಡಿದು ನಿಂತಿದ್ದ.

ಮಗಳು ಹುಡುಕುತ್ತಿದ್ದುದು ಅರ್ಜುನನನ್ನು. ನಮ್ಮ ಮನೆಯಲ್ಲಿರುವ ಹಳೆಯ ಕ್ಯಾಲೆಂಡರಿನಲ್ಲಿ ಅಂಬಾರಿ ಹೊತ್ತ ಅರ್ಜುನನ ಚಿತ್ರವಿದೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಆನೆ ಅದು. ಅರವತ್ತು ಕಳೆದ ಆನೆಗೆ ಅಷ್ಟು ಭಾರ ಹೊರಿಸಬಾರದೆಂದು 2020ರಲ್ಲಿ ಆ ಹೊಣೆ ಅಭಿಮನ್ಯುವಿಗೆ ಬಂತು. 2023ರ ಡಿಸೆಂಬರಿನಲ್ಲಿ, ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿದ್ದಾಗ, ಕಾಡಾನೆಯೊಡನೆ ಕಾದಾಡಿ ಅರ್ಜುನ ಸತ್ತಿತು. ಈ ಸುದ್ದಿ ನಾಡಿಗೆಲ್ಲ ಗೊತ್ತಿದ್ದರೂ ನಮ್ಮ ಮಗಳ ಕಿವಿಗೆ ಬಿದ್ದಿರಲಿಲ್ಲ.

“ಅರ್ಜುನ ಯಾವುದು?” ಎಂದಳು. ಯಜಮಾನರು ನನ್ನ ಮುಖ ನೋಡಿದರು. ಅವನು ಕಾಡಿನಲ್ಲಿದ್ದಾನೆ ಎಂದುಬಿಟ್ಟರೆ ಮುಗಿಯಿತು. ಸಂಚಾರದ ದಿನ ಮಗುವನ್ನು ಅಳಿಸುವುದೇಕೆ? ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು ಹೇಳಿದರು: “ಅರ್ಜುನ ಸತ್ತುಹೋದ, ಮಗು. ಕಾಡಾನೆ ಹಿಡಿಯೋದಕ್ಕೆ ಕರಕೊಂಡು ಹೋಗಿದ್ದರು. ಕಾಡಾನೆ ತಿವಿದುಬಿಟ್ಟಿತು.”

ಅವಳು ಅಳಲಿಲ್ಲ. ಕೊನೆಯ ಆನೆ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೆ, “ಅಂಬಾರಿ ಹೊರೋದು ಬೇಡ ಅಂದಮೇಲೆ ಅವನಿಗೆ ರಜೆ ಕೊಡಲಿಲ್ಲವಾ?” ಎಂದು ಕೇಳಿದಳು.

ಅತ್ತೆಯವರು ಇದಕ್ಕೆ ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ. ಹಬ್ಬ ಮುಗಿದ ಮೇಲೆ ಆನೆಗಳನ್ನೆಲ್ಲ ಲಾರಿಗಳಲ್ಲಿ ಅವುಗಳ ಶಿಬಿರಗಳಿಗೆ ಕಳುಹಿಸುತ್ತಾರೆಂದು ಯಜಮಾನರು ಹೇಳಿದರು. ಅದು ನಿಜವೇ ಆದರೂ ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅನಂತರ ಪುಟಾಣಿ ರೈಲು ಹತ್ತಿಸಲು ಮಕ್ಕಳನ್ನು ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆವು. ಅತ್ತೆಯವರೂ ಕೂತು ಒಂದು ಸುತ್ತು ಬಂದರು.

ನಾವು ಮಂಡ್ಯಕ್ಕೆ ಮರಳುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಪಕ್ಕದ ಮನೆಯಾಕೆ ಆರತಿ ಎತ್ತಿ, ಬಂದ ಮಕ್ಕಳಿಗೆ ನಮ್ಮ ಡಬ್ಬಿಯ ಕೋಡುಬಳೆಯನ್ನೇ ಹಂಚಿ ಕಳುಹಿಸಿದ್ದರು. ಪಟ್ಟದ ಬೊಂಬೆಗಳು ಮುನಿದಂತೆ ಕಾಣಲಿಲ್ಲ. ಮುಂದಿನ ದಸರೆಗೆ ಹೋಗಬೇಕಾದ ಸ್ಥಳಗಳನ್ನು ಮಗಳು ಆ ರಾತ್ರಿಯೇ ಪುಸ್ತಕದಲ್ಲಿ ಬರೆಯಲು ಕೂತಳು. ಮೊದಲನೆಯದು ರಂಗನತಿಟ್ಟು. ಈಗತಾನೆ ನೋಡಿ ಬಂದೆವಲ್ಲ ಎಂದರೆ, ಬರೆಸಿದವರು ಅಜ್ಜಿ ಎಂದಳು. ಹೊಳೆ ತುಂಬಿ ದೋಣಿ ನಿಲ್ಲಿಸಿರಬಾರದು, ತಮ್ಮನ್ನು ದೋಣಿಯ ನಡುವೆ ಕೂರಿಸಬೇಕು, ಮೊಸಳೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದು: ಇವು ಅವರ ಷರತ್ತುಗಳು.