ಖಾಲಿ ಉಳಿದ ಕಾಲಂ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ದೊಡ್ಡ ಹುದ್ದೆಯಲ್ಲಿರುವವರ ನಡುವೆ ಇನ್ನೂ ಬಿ.ಎ. ಓದುತ್ತಿರುವ ನನ್ನನ್ನೂ ಮಾತಿಗೆ ಕರೆದಿದ್ದೀರಿ. ಸಾಧನೆ ಎಂದು ಹೇಳಿಕೊಳ್ಳಲು ನನ್ನ ಬಳಿ ಏನೂ ಇಲ್ಲ. ಎರಡು ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ಗೆಳತಿಯರು ಬ್ಯಾಂಕಿಗೆ, ಕಂಪ್ಯೂಟರ್ ಸೆಂಟರಿಗೆ ಹೋದರು. ನಾನು ಬೆಂಗಳೂರಿನಲ್ಲಿ ಜನಪದ ಕಲೆಗಳ ವಸ್ತುಗಳನ್ನು ಕಾಪಾಡುವ ಒಂದು ಟ್ರಸ್ಟಿಗೆ ಹೋದೆ. ಮೂರು ಕೋಣೆ, ನಾಲ್ಕು ಜನ. ಸಂಬಳವಿಲ್ಲ, ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ ಕೊಡುತ್ತಿದ್ದರು. ಲಾಭಕ್ಕಲ್ಲದ ಸಂಸ್ಥೆ ಎಂದರೆ ಲೆಕ್ಕವಿಲ್ಲದ ಸಂಸ್ಥೆ ಎಂದು ತಿಳಿದಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ದಾನಿಗಳ ದುಡ್ಡಾದ್ದರಿಂದ ಒಂದು ದಾರದುಂಡೆಗೂ ರಸೀದಿ ಬೇಕು.

ನನ್ನ ಕೆಲಸ ತೊಗಲುಗೊಂಬೆಗಳ ಪಟ್ಟಿ ಮಾಡುವುದು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಬೇಕು. ನೀರು ತಾಗಿಸುವಂತಿಲ್ಲ, ತೊಗಲು ಮುದುಡುತ್ತದೆ. ಆಮೇಲೆ ಟೇಪು ಹಿಡಿದು ಉದ್ದ, ಅಗಲ ಬರೆಯಬೇಕು, ಫೋಟೊ ತೆಗೆಯಬೇಕು, ನಂಬರು ಕೊಡಬೇಕು. ಫಾರಂನ ಕೊನೆಯ ಕಾಲಂ, ‘ಮಾಡಿದವರ ಹೆಸರು’. ಒಂದಾದ ಮೇಲೊಂದು ಫಾರಂನಲ್ಲಿ ಅಲ್ಲಿ ಒಂದೇ ಮಾತು: ‘ತಿಳಿದಿಲ್ಲ’.

ಹಾಗೆ ಬರೆಯುವಾಗ ಕೈ ತಡೆಯುತ್ತಿತ್ತು. ಕಾರಣ, ಎಂಟನೇ ಇಯತ್ತೆಯಲ್ಲಿ ನಮ್ಮ ಗುರುಗಳು ‘ನಿಮ್ಮ ಮನೆತನದ ಕಸುಬು’ ಎಂಬ ಪ್ರಬಂಧ ಕೊಟ್ಟಿದ್ದರು. ನಾನು ‘ಕೂಲಿ’ ಎಂದು ಬರೆದಿದ್ದೆ. ನಮ್ಮಜ್ಜ ಗೊಂಬೆ ಆಡಿಸುವವನು. ಮಳೆ ತಡವಾದ ವರ್ಷ ಊರವರೇ ಬಂದು ಆಟಕ್ಕೆ ಕರೆಯುತ್ತಿದ್ದರಂತೆ. ಬಿಳಿ ಪರದೆ, ಹಿಂದೊಂದು ದೀಪ, ಬೆಳಗಿನ ತನಕ ರಾಮಾಯಣ. ಹುಡುಗರು ನಕ್ಕಾರು ಎಂದು ಅಂಜಿ ನಾನದನ್ನು ಮುಚ್ಚಿಟ್ಟೆ.

ಒಂದು ದಿನ ಗೊಂಬೆಯೊಂದು ಕೈಗೆ ಬಂತು. ಹಳೆಯ ಪಟ್ಟಿಯಲ್ಲಿ ‘ಹೆಣ್ಣು ಪಾತ್ರ’ ಎಂದಷ್ಟೇ ಇತ್ತು. ಮೇಡಂ ಅವರನ್ನು ಕೇಳಿ, ಫೋಟೊವನ್ನು ತಮ್ಮನ ಮೊಬೈಲಿಗೆ ಕಳಿಸಿದೆ. ಅಜ್ಜ ಅದನ್ನು ನೋಡಿ ಫೋನಿನಲ್ಲೇ ನಕ್ಕ. “ಏ ತಂಗಿ, ಆಕಿ ಬಂಗಾರಕ್ಕ ಅಲ್ಲೇನ! ಕಿಳ್ಳೇಕ್ಯಾತನ ಹೇಣ್ತಿ. ಆಕಿ ಬರಲಿಲ್ಲಂದ್ರ ಮಂದಿ ನಗೋದ ಇಲ್ಲ.”

ಅಂದಿನಿಂದ ದಿನವೂ ಸಂಜೆ ಅಜ್ಜನಿಗೆ ಫೋಟೊ ಹೋಗತೊಡಗಿದವು. ಎಲ್ಲವೂ ಅವನಿಗೆ ಗೊತ್ತಾಗಲಿಲ್ಲ. “ಇದು ಬ್ಯಾರೆ ಸೀಮಿದು, ನನಗ ತಿಳಿಯೂದಿಲ್ಲ” ಎಂದು ಒಪ್ಪಿಕೊಳ್ಳುತ್ತಿದ್ದ. ಗೊತ್ತಾದ ಗೊಂಬೆಗಳಿಗೆ ಮೇಡಂ ಹೊಸದೊಂದು ಕಾಲಂ ಹಾಕಿಸಿದರು: ‘ಗುರುತಿಸಿದವರು’. ಅಲ್ಲಿ ಅಜ್ಜನ ಹೆಸರಿದೆ. ಮಾಡಿದವರ ಕಾಲಂ ಮಾತ್ರ ಹಾಗೇ ಉಳಿಯಿತು. ಅದನ್ನು ಹೇಳಬಲ್ಲವರು ಈಗಿಲ್ಲ. ಇದ್ದಾಗ ಯಾರೂ ಕೇಳಲಿಲ್ಲ.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ ಪದ್ಮಶ್ರೀ ಬಂತು. ಆ ಸುದ್ದಿ ಬಂದ ದಿನ ಟೀವಿ ಮುಂದೆ ಕೂತ ಅಜ್ಜ ಬಹಳ ಹೊತ್ತು ಏಳಲಿಲ್ಲ.

ಕೊನೆಗೆ ಎರಡು ಬೇಡಿಕೆ. ಪಕ್ಕದ ಕೋಣೆಯಲ್ಲಿ ನಮ್ಮ ಶಾಲೆಯ ಹಳೆಯ ಫೋಟೊಗಳನ್ನು ಇಟ್ಟಿದ್ದಾರೆ. ಊಟಕ್ಕೆ ಹೋಗುವ ಮುಂಚೆ ಹಿರಿಯರು ಒಮ್ಮೆ ಅಲ್ಲಿ ನಿಂತು, ಗುರುತು ಸಿಕ್ಕವರ ಹೆಸರು ಹೇಳಿರಿ. ಗಂಟೆ ಬಾರಿಸಿದವರು, ನೀರು ತುಂಬಿದವರು, ಕಟ್ಟಡಕ್ಕೆ ಕಲ್ಲು ಹೊತ್ತವರು, ಎಲ್ಲರ ಹೆಸರೂ ಬೇಕು. ಹಿಂದೆ ಬರೆದುಕೊಳ್ಳಲು ಪೆನ್ಸಿಲ್ ಹಿಡಿದು ನಾನಿರುತ್ತೇನೆ.

ಎರಡನೆಯದು ನನ್ನ ಗುರುಗಳಿಗೆ. ಸರ್, ಎಂಟನೇ ಇಯತ್ತೆಯ ಆ ಪ್ರಬಂಧವನ್ನು ಇವತ್ತು ತಿದ್ದಿಕೊಳ್ಳಿ. ನಮ್ಮ ಮನೆತನದ ಕಸುಬು ತೊಗಲುಗೊಂಬೆ ಆಟ. ಅಜ್ಜ ಅಲ್ಲಿ ಕಡೇ ಸಾಲಿನಲ್ಲಿ ಕೂತಿದ್ದಾನೆ.