ಕಾಯುವಿಕೆಗೆ ಒಂದು ಮಿತಿ



“ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ.” ಕೊಪ್ಪಳ ಜಿಲ್ಲೆಯ ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಈ ಮಾತು ಕೇಳದವರು ಕಡಿಮೆ. ಎಷ್ಟೋ ಸಲ ಸರ್ವರ್ ನಿಂತೇ ಇರುವುದಿಲ್ಲ. ಇನ್ನೊಂದು ಸರ್ವರಿನ ಉತ್ತರಕ್ಕೆ ಕಾಯುತ್ತ ಕೂತಿರುತ್ತದೆ. ಕೆಟ್ಟು ನಿಂತ ಯಂತ್ರಕ್ಕಿಂತ ಮಿತಿಯಿಲ್ಲದೆ ಕಾಯುವ ಯಂತ್ರವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಇಂದಿನ ನನ್ನ ಮಾತಿನ ತಿರುಳು.

ಮೊದಲು ಹೀಗಿರಲಿಲ್ಲ. ಭೂಮಿ ಯೋಜನೆಯ ಮೊದಲ ವರ್ಷಗಳಲ್ಲಿ ಪಹಣಿಯ ದತ್ತಾಂಶ ಆಯಾ ತಾಲ್ಲೂಕು ಕಚೇರಿಯಲ್ಲೇ ಇತ್ತು. ಕುಷ್ಟಗಿಯ ಸರ್ವರ್ ಕೆಟ್ಟರೆ ಯಲಬುರ್ಗಾದವರಿಗೆ ತೊಂದರೆಯಿರಲಿಲ್ಲ. ಈಗ ಬೆಳೆ ವಿಮೆಯ ಒಂದೇ ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಬೇರೆ ಬೇರೆ ಕಡೆಯಿಂದ ಬರಬೇಕು. ಇವುಗಳ ನಡುವೆ ಸಂದೇಶ ಒಯ್ದು ಉತ್ತರ ತರುವ ತಂತ್ರಾಂಶವೇ ಮಿಡಲ್‌ವೇರ್. ಸಾಮಾನ್ಯವಾಗಿ ಅದು ಬಂದ ಪ್ರತಿ ಕೋರಿಕೆಗೂ ಒಂದು ಥ್ರೆಡ್, ಅಂದರೆ ಕೆಲಸದ ಒಂದು ಎಳೆ, ಒಪ್ಪಿಸುತ್ತದೆ. ಜಾವಾದವರು ಹೆಚ್ಚಾಗಿ ಬಳಸುವ ಟಾಮ್‌ಕ್ಯಾಟ್‌ನಲ್ಲಿ, ನಾವಾಗಿ ಬದಲಿಸದಿದ್ದರೆ, ಈ ಥ್ರೆಡ್‌ಗಳ ಮಿತಿ 200.

ಆ ಮಿತಿ ಸಾಕೇ ಎಂದು ಲೆಕ್ಕ ಹಾಕೋಣ. ಸರದಿಗಳ ಬಗ್ಗೆ 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಸೂತ್ರದಂತೆ, ಕೋರಿಕೆಗಳು ಬರುವ ವೇಗವನ್ನು ಒಂದೊಂದಕ್ಕೆ ತಗಲುವ ಸಮಯದಿಂದ ಗುಣಿಸಿದರೆ ಒಳಗಿರುವ ಕೋರಿಕೆಗಳ ಸರಾಸರಿ ಸಂಖ್ಯೆ ಸಿಗುತ್ತದೆ. ಸೆಕೆಂಡಿಗೆ 50 ಕೋರಿಕೆ ಬಂದು, ಒಂದೊಂದಕ್ಕೂ 0.2 ಸೆಕೆಂಡ್ ಹಿಡಿದರೆ 10 ಥ್ರೆಡ್ ಸಾಕು. ಹಿಂದೆ ನಿಂತು ಉತ್ತರ ಕೊಡಬೇಕಾದ ಸರ್ವರ್ ಒಂದೊಂದಕ್ಕೂ 10 ಸೆಕೆಂಡ್ ತೆಗೆದುಕೊಂಡರೆ 500 ಬೇಕು. ಇರುವ 200 ನಾಲ್ಕೇ ಸೆಕೆಂಡಿನಲ್ಲಿ ತುಂಬುತ್ತವೆ. ಆಮೇಲೆ ಆ ಸರ್ವರಿನ ಗೊಡವೆಯೇ ಇಲ್ಲದ ಕೋರಿಕೆಗಳೂ ಸರದಿಗೆ ಬೀಳುತ್ತವೆ.

ಥ್ರೆಡ್ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಆದರೆ ಸುಗ್ಗಿಯಲ್ಲಿ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಭತ್ತ ಇಳಿಸುವ ಹಮಾಲರು ಕಡಿಮೆಯಿದ್ದಾಗ ಅಂಗಳ ಅಗಲ ಮಾಡಿದರೆ ಲಾರಿಗಳು ಒಳಗೆ ನಿಂತಾವು, ಭತ್ತ ಮಾತ್ರ ಇಳಿಯದು. ಮೇಲಾಗಿ 64 ಬಿಟ್ ಲಿನಕ್ಸ್‌ನಲ್ಲಿ ಜಾವಾ ಪ್ರತಿ ಥ್ರೆಡ್‌ಗೂ ಸಾಮಾನ್ಯವಾಗಿ 1 ಎಂಬಿಯಷ್ಟು ಮೆಮೊರಿಯನ್ನು ಸ್ಟ್ಯಾಕ್‌ಗೆಂದು ಕಾದಿರಿಸುತ್ತದೆ. ಮೊದಲೇ ಬಳಲಿದ ಹಿಂದಿನ ಸರ್ವರಿನ ಮೇಲೆ ಹೊರೆಯೂ ಏರುತ್ತದೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ನಿಧಾನವಾದದ್ದು ನೆನಪಿರಬೇಕು. ಅಂಥ ಹೊತ್ತಿನಲ್ಲಿ ಉತ್ತರ ಬಾರದೆಂದು ಮತ್ತೆ ಬಟನ್ ಒತ್ತಿದರೆ ಹಳೆಯ ಕೋರಿಕೆ ಒಳಗೇ ಇರುತ್ತದೆ, ಹೊಸದೊಂದು ಸೇರುತ್ತದೆ.

ಇನ್ನು ರೋಗ ಹುಡುಕುವ ಬಗೆ. ರೀಸ್ಟಾರ್ಟ್ ಮಾಡುವ ಮುನ್ನ ಥ್ರೆಡ್ ಡಂಪ್, ಅಂದರೆ ಪ್ರತಿ ಥ್ರೆಡ್ ಆ ಕ್ಷಣ ಎಲ್ಲಿ ನಿಂತಿದೆ ಎಂಬ ಪಟ್ಟಿ, ತೆಗೆದಿಡಿ. ರೀಸ್ಟಾರ್ಟ್ ಆದರೆ ಸಾಕ್ಷ್ಯ ಅಳಿಯುತ್ತದೆ. ಜಾವಾದ ಜೆಸ್ಟ್ಯಾಕ್ ಉಪಕರಣದಿಂದ ಹತ್ತು ಸೆಕೆಂಡಿಗೊಂದರಂತೆ ಮೂರು ಡಂಪ್ ತೆಗೆಯಿರಿ. ಸಿಪಿಯು ಬಿಡುವಾಗಿದ್ದು ಕೆಲಸ ನಿಧಾನವಾಗಿದ್ದರೆ ಅದು ಕಾಯುವಿಕೆ. ಮೂರರಲ್ಲೂ ಕೋಡಿನ ಒಂದೇ ಸಾಲಿನಲ್ಲಿ ಸಿಕ್ಕ ಥ್ರೆಡ್‌ಗಳನ್ನು ಹಿಡಿಯಿರಿ. ಇಲ್ಲೊಂದು ಮೋಸವಿದೆ: ನೆಟ್‌ವರ್ಕಿನ ಉತ್ತರಕ್ಕೆ ಕಾಯುವ ಥ್ರೆಡ್ ಕೂಡ ಡಂಪ್‌ನಲ್ಲಿ ‘ರನ್ನೆಬಲ್’ ಎಂದೇ ಕಾಣಬಹುದು. ಹಾಗಾಗಿ ಸ್ಥಿತಿಯ ಹೆಸರನ್ನಷ್ಟೇ ನಂಬದೆ ಕೆಳಗಿನ ಸಾಲುಗಳನ್ನು ಓದಬೇಕು. ‘ಬ್ಲಾಕ್ಡ್’ ಹೆಚ್ಚಿದ್ದರೆ ಅವು ಕಾಯುತ್ತಿರುವ ಲಾಕ್ ಯಾರ ಕೈಯಲ್ಲಿದೆ ಎಂದು ನೋಡಬೇಕು.

ಮದ್ದು ಹೊಸದೇನಲ್ಲ. ಹೊರಗಿನ ಪ್ರತಿ ಕರೆಗೂ ಟೈಮ್‌ಔಟ್, ಅಂದರೆ ಕಾಯುವ ಮಿತಿ, ಇರಲಿ. ಆಧಾರ್ ಪರಿಶೀಲನೆಗೆ ಒಂದು, ಪಹಣಿಗೆ ಇನ್ನೊಂದು ಥ್ರೆಡ್ ಪೂಲ್ ಇದ್ದರೆ ಒಂದು ಕಡೆ ಸಿಕ್ಕಿಕೊಂಡರೂ ಇನ್ನೊಂದು ನಡೆಯುತ್ತದೆ. ಸರದಿಗೂ ಮಿತಿಯಿರಲಿ. ಪದೇ ಪದೇ ವಿಫಲವಾಗುವ ಸಂದೇಶವನ್ನು ಪಕ್ಕಕ್ಕೆ ತೆಗೆದಿಡಿ. ಮರುಪ್ರಯತ್ನಗಳ ನಡುವಿನ ಅಂತರ ಹೆಚ್ಚುತ್ತ ಹೋಗಲಿ. ಎಲ್ಲ ಉತ್ತರವೂ ತಕ್ಷಣವೇ ಬೇಕಿಲ್ಲ. ಪಡಿತರಕ್ಕೆ ಹೆಬ್ಬೆಟ್ಟಿನ ಉತ್ತರ ಕೂಡಲೇ ಬೇಕು. ವಿಮೆ ಅರ್ಜಿಗೆ ಹಾಗಲ್ಲ. ಅರ್ಜಿ ಪಡೆದು, ಸಂಖ್ಯೆ ಕೊಟ್ಟು, ಪರಿಶೀಲನೆಯನ್ನು ಆಮೇಲೆ ಮಾಡಬಹುದು.

ಕೊನೆಗೆ ಆಡಳಿತಕ್ಕೊಂದು ಮಾತು. ತಂತ್ರಾಂಶದ ಟೆಂಡರಿನಲ್ಲಿ ಸರ್ವರ್ ಇಷ್ಟು ಹೊತ್ತು ಚಾಲೂ ಇರಬೇಕೆಂದು ಬರೆದರೆ ಸಾಲದು. ಕಾಯುತ್ತ ಕೂತ ಸರ್ವರ್ ಕೂಡ ಆ ಲೆಕ್ಕದಲ್ಲಿ ಚಾಲೂ ಇದ್ದದ್ದೇ. ಉತ್ತರ ಎಷ್ಟು ಸೆಕೆಂಡಿನಲ್ಲಿ ಬರಬೇಕು, ಬಾರದಿದ್ದರೆ ಕೌಂಟರಿನ ಪರದೆಯ ಮೇಲೆ ಯಾವ ಕಾರಣ ಮೂಡಬೇಕು ಎಂಬ ಎರಡನ್ನೂ ಕರಾರಿನಲ್ಲಿ ಬರೆಯಿರಿ. ದಿನದ ಕೂಲಿ ಬಿಟ್ಟು ಬಂದವರಿಗೆ ಅಷ್ಟನ್ನು ಕೇಳುವ ಹಕ್ಕಿದೆ.