ಮನ್ನಣೆಯ ದಾರಿ: ಆಸ್ಟಿಯೋಪತಿ ವೈದ್ಯರ ಇತಿಹಾಸ ಕಲಿಸುವ ಪಾಠ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಹಳೆಯ ವಿದ್ಯಾರ್ಥಿಗಳು ಬಂದು ಕೇಳುವ ಪ್ರಶ್ನೆ ಒಂದಿದೆ: "ಸರ್, ಈ ಕೋರ್ಸ್ ಮಾಡಿದರೆ ನನ್ನನ್ನು ಡಾಕ್ಟರ್ ಅಂತಾರಾ?" ಉತ್ತರವಾಗಿ ಅಮೆರಿಕದ ಒಂದು ಇತಿಹಾಸವನ್ನು ನಿಮ್ಮ ಮುಂದಿಡುತ್ತೇನೆ.

ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರ ಮನೆಯ ಮೂವರು ಮಕ್ಕಳು 1864ರಲ್ಲಿ ಮಿದುಳುಜ್ವರದಿಂದ ತೀರಿಕೊಂಡರು. ಪಾದರಸ, ಅಫೀಮುಗಳೇ ಔಷಧವಾಗಿದ್ದ ಕಾಲವದು. ಆ ಔಷಧಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತದೆ ಎಂದು 1874ರಲ್ಲಿ ಸಾರಿದರು. ಇದೇ ಆಸ್ಟಿಯೋಪತಿ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಮೊದಲ ತರಗತಿಯಲ್ಲೇ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು.

1896ರಲ್ಲಿ ವರ್ಮಾಂಟ್ ರಾಜ್ಯ ಇವರಿಗೆ ಮೊದಲು ಕಾನೂನಿನ ಮನ್ನಣೆ ನೀಡಿತು. ಆದರೆ ಎಂ.ಡಿ. ವೈದ್ಯರ ಸಂಘ ಇವರನ್ನು ವೈದ್ಯರೆಂದು ಒಪ್ಪಲಿಲ್ಲ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ದೇಶದ ವೈದ್ಯಕೀಯ ಶಾಲೆಗಳ ಬಗ್ಗೆ ವರದಿ ಬರೆದಾಗ ಆಸ್ಟಿಯೋಪತಿ ಶಾಲೆಗಳನ್ನು ಕಟುವಾಗಿ ಟೀಕಿಸಿದರು. ಎಂ.ಡಿ. ಶಾಲೆಗಳನ್ನೂ ಅವರು ಬಿಡಲಿಲ್ಲ.

ಆಸ್ಟಿಯೋಪತಿಯವರು ಕೋಪ ಮಾಡಿಕೊಂಡು ಕೂರಬಹುದಿತ್ತು. ಹಾಗೆ ಮಾಡಲಿಲ್ಲ. ಕ್ರಮೇಣ ಓದಿನ ಅವಧಿಯನ್ನು ನಾಲ್ಕು ವರ್ಷಕ್ಕೆ ಏರಿಸಿದರು, ಆಸ್ಪತ್ರೆಗಳನ್ನು ಕಟ್ಟಿದರು. 1929ರಲ್ಲಿ ಔಷಧಶಾಸ್ತ್ರವನ್ನೂ ಪಠ್ಯಕ್ಕೆ ಸೇರಿಸಿಕೊಂಡರು. ಔಷಧವನ್ನೇ ತಿರಸ್ಕರಿಸಿದ ಗುರುವಿನ ಶಿಷ್ಯರಿಗೆ ಇದು ಸುಲಭದ ಮಾತಾಗಿರಲಿಲ್ಲ. ಗುರುವಿನ ಮೇಲಿನ ಗೌರವವನ್ನು ಬಿಡಲಿಲ್ಲ, ಹೊಸ ಇಲ್ಮ್‌ಗೆ ಬಾಗಿಲನ್ನೂ ಮುಚ್ಚಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸೇನೆ ಇವರನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳಲಿಲ್ಲ. ಎಂ.ಡಿ. ವೈದ್ಯರು ಯುದ್ಧಕ್ಕೆ ಹೋದಾಗ ಊರಿನಲ್ಲಿ ರೋಗಿಗಳನ್ನು ನೋಡಿಕೊಂಡವರು ಇವರೇ. ಜನರ ವಿಶ್ವಾಸ ಬೆಳೆಯಿತು. 1966ರಲ್ಲಿ ರಕ್ಷಣಾ ಸಚಿವ ಮೆಕ್‌ನಮಾರಾ ಸೇನೆಯ ಬಾಗಿಲು ತೆರೆದರು. 1969ರಲ್ಲಿ ಅಮೆರಿಕದ ವೈದ್ಯರ ಸಂಘ ಇವರಿಗೆ ಸದಸ್ಯತ್ವ ಕೊಟ್ಟಿತು. 1973ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಪೂರ್ಣ ವೈದ್ಯರೆಂಬ ಪರವಾನಗಿ ಸಿಕ್ಕಿತು.

ನಡುವೆ ಒಂದು ವಿಚಿತ್ರ ನಡೆಯಿತು. 1962ರಲ್ಲಿ ಕ್ಯಾಲಿಫೋರ್ನಿಯಾದ 2,000ಕ್ಕೂ ಹೆಚ್ಚು ಆಸ್ಟಿಯೋಪತಿ ವೈದ್ಯರಿಗೆ 65 ಡಾಲರ್ ಶುಲ್ಕ ಪಡೆದು ಎಂ.ಡಿ. ಪದವಿ ಕೊಡಲಾಯಿತು. ಹೊಸ ಆಸ್ಟಿಯೋಪತಿ ವೈದ್ಯರಿಗೆ ಅಲ್ಲಿ ಪರವಾನಗಿ ನಿಂತಿತು. 1974ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೊಡಿಸಿತು. 65 ಡಾಲರ್ ಕಟ್ಟಿದ ದಿನ ಅವರ ಜ್ಞಾನ ಹೆಚ್ಚಾಯಿತೇ? ಇಲ್ಲ. ಅಂದರೆ ಇವರ ಶಾಲೆಗಳಲ್ಲಿ ಕೊರತೆಯೂ ಇತ್ತು, ಎದುರಿನವರಲ್ಲಿ ಪೂರ್ವಗ್ರಹವೂ ಇತ್ತು. ಇವೆರಡರಲ್ಲಿ ಇವರ ಕೈಯಲ್ಲಿದ್ದದ್ದು ಕೊರತೆಯೊಂದೇ. ಅದನ್ನು ಮೊದಲು ತುಂಬಿಕೊಂಡರು, ಹಕ್ಕಿಗಾಗಿ ಹೋರಾಟವನ್ನೂ ಬಿಡಲಿಲ್ಲ. ನಮ್ಮ ಸಮಾಜವೂ ಈ ಮಾತನ್ನು ನೆನಪಿಡಬೇಕು.

ಈಗ ಆ ಪ್ರಶ್ನೆಗೆ ಬರೋಣ. ಬ್ರಿಟನ್ನಿನಲ್ಲಿ ಆಸ್ಟಿಯೋಪತಿಗೆ 1993ರ ಕಾಯ್ದೆಯ ಮನ್ನಣೆಯಿದೆ. ಆದರೆ ಅಲ್ಲಿ ಅವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಲ್ಲ. ಹೆಸರು ಒಂದೇ, ಅಧಿಕಾರ ಬೇರೆ. ನಮ್ಮಲ್ಲಿ ಹಕೀಂ ಅಜ್ಮಲ್ ಖಾನರು ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಯುನಾನಿಯ ಜೊತೆಗೆ ಆಧುನಿಕ ವಿಜ್ಞಾನಕ್ಕೂ ಜಾಗ ಕೊಟ್ಟರು. 1970ರ ಕೇಂದ್ರ ಕಾಯ್ದೆ ಯುನಾನಿ ಶಿಕ್ಷಣವನ್ನು ಒಂದು ಪರಿಷತ್ತಿನ ಕೆಳಗೆ ತಂದಿತು. ಇಂದು ಬಿ.ಯು.ಎಂ.ಎಸ್. ಸೀಟಿಗೂ ನೀಟ್ ಬರೆಯಬೇಕು. ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಆದ್ದರಿಂದ ಮಕ್ಕಳೇ, ಜಾಹೀರಾತಿನಲ್ಲಿ 'ಡಾಕ್ಟರ್' ಎಂಬ ಪದ ನೋಡಿ ಮರುಳಾಗಬೇಡಿ. ಕಾಲೇಜಿಗೆ ಯಾವ ಪರಿಷತ್ತಿನ ಮಾನ್ಯತೆಯಿದೆ? ಓದಿನ ನಂತರ ನೋಂದಣಿ ಸಿಗುತ್ತದೆಯೇ? ಯಾವ ಚಿಕಿತ್ಸೆ ಮಾಡಲು ಕಾನೂನು ಒಪ್ಪುತ್ತದೆ? ಈ ಮೂರನ್ನು ಕೇಳಿ ಆಮೇಲೆ ಶುಲ್ಕ ಕಟ್ಟಿ. ತಂದೆ ಸಾಲ ಮಾಡಿ ತಂದ ಹಣ ಒಂದು ಬೆಲೆಯಿಲ್ಲದ ಕಾಗದಕ್ಕೆ ಹೋಗಬಾರದು. ನಿಮ್ಮನ್ನು ನಂಬಿ ಬರುವ ರೋಗಿಯ ಪ್ರಾಣ ಅದಕ್ಕಿಂತ ದೊಡ್ಡದು.

ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ಇಲ್ಮ್ ಕರುಣಿಸಲಿ. ಆಮೀನ್.